1987ರ ಕಾರ್ವೆಟ್: ಲೀಫ್ ಸ್ಪ್ರಿಂಗ್ ಕಿತ್ತು ಕಾಯಿಲ್‌ಓವರ್ ಹಾಕಿಸಲೇ?

ಮಲೆನಾಡು87 (ನೋವೈ, ಮಿಶಿಗನ್)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1987ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿದೆ, ಸಿ4, ಅಂದರೆ ನಾಲ್ಕನೇ ತಲೆಮಾರಿನದ್ದು. ಆಟೋಮ್ಯಾಟಿಕ್, 16 ಇಂಚಿನ ಚಕ್ರ, ಮಾಮೂಲಿ ಸಸ್ಪೆನ್ಷನ್, ಝಡ್51 ಅನ್ನುವ ಬಿರುಸು ಸಸ್ಪೆನ್ಷನ್ ಅಲ್ಲ. ಹಿಂದಿನ ಮಾಲೀಕರು ಚಳಿಗಾಲದಲ್ಲಿ ಹೊರಗೆ ತೆಗೆಯುತ್ತಿರಲಿಲ್ಲವಂತೆ, ಹಾಗಾಗಿ ಅಡಿಯಲ್ಲಿ ಉಪ್ಪಿನ ತುಕ್ಕು ಕಡಿಮೆ. ಎಂಜಿನ್ ಬಗ್ಗೆ ದೂರಿಲ್ಲ. ಸಮಸ್ಯೆ ಇರುವುದು ತಿರುವುಗಳಲ್ಲಿ.

ಫ್ರೀವೇ ರ‍್ಯಾಂಪಿನ ತಿರುವಿನಲ್ಲಿ ಕಾಂಕ್ರೀಟ್ ಜಾಯಿಂಟ್ ಸಿಕ್ಕಿದರೆ ಹಿಂಭಾಗ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ ಹಾಗಾಗುತ್ತದೆ. ಅದೇ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಹಿಂದಿನ ಚಕ್ರ ತಾನೇ ಸ್ಟಿಯರ್ ಮಾಡಿದ ಹಾಗೆ ಅನಿಸುತ್ತದೆ. ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ಹಿಂದಿನಿಂದ 'ದಡ್' ಅಂತ ಶಬ್ದ. ಇಲ್ಲಿನ ಒಂದು ಅಂಗಡಿಯವರು ಕಾರನ್ನು ಲಿಫ್ಟಿಗೂ ಏರಿಸದೆ, "ಅಡ್ಡ ಲೀಫ್ ಸ್ಪ್ರಿಂಗ್ ಕುದುರೆ ಗಾಡಿ ಕಾಲದ್ದು, ಹಿಂದೆ ಮುಂದೆ ಎರಡೂ ತೆಗೆದು ಕಾಯಿಲ್‌ಓವರ್ ಹಾಕಿ" ಅಂದರು (ಕಾಯಿಲ್‌ಓವರ್ ಅಂದರೆ ಶಾಕ್ ಅಬ್ಸಾರ್ಬರ್ ಸುತ್ತ ಸುರುಳಿ ಸ್ಪ್ರಿಂಗ್ ಕೂರಿಸಿದ್ದು). ನಾನು ಎತ್ತಿಟ್ಟಿರುವುದು 2500 ಡಾಲರ್. ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ಅಪ್ಪ ಈ ಬೇಸಿಗೆಗೆ ಊರಿನಿಂದ ಬರುತ್ತಿದ್ದಾರೆ. ಆಗಸ್ಟ್‌ನಲ್ಲಿ ಅವರನ್ನು ಕೂರಿಸಿಕೊಂಡು ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆ) ಹೋಗಬೇಕು ಅಂತ ಆಸೆ. ಅವರಿಗೆ ಸೊಂಟ ನೋವಿದೆ, ಆದ್ದರಿಂದ ಕಾರು ಕಲ್ಲಿನ ಹಾಗಾಗಬಾರದು. ಏನು ಮಾಡಲಿ?

ಧಾರವಾಡದಾಂವ (ಫೀನಿಕ್ಸ್)

ಕಾಯಿಲ್‌ಓವರ್ ನಾ ಹಾಕ್ಸೀನ್ರಿ, ನನ್ನ 1984ರ ಝಡ್51ಕ್ಕ. ಯಾಕಂದ್ರ ನಾ ಆಟೋಕ್ರಾಸ್‌ಗೆ (ಕೋನ್ ಇಟ್ಟ ಹಾದ್ಯಾಗ ಕಾರು ಓಡ್ಸೂ ಸ್ಪರ್ಧಾ) ಹೋಗ್ತೀನಿ, ನಾಕೂ ಮೂಲಿ ಭಾರ ತೂಕ ಹಾಕಿ ಹೊಂದಿಸ್ಬೇಕಿತ್ತು. ಆ ಕೆಲಸಕ್ಕ ಅದು ಚಲೋನ. ಆದ್ರ ಅಪ್ಪಾರನ್ನ ಕೂಡಿಸ್ಕೊಂಡು ಹೋಗೂ ಗಾಡಿಗೆ ಅದರ ಗರಜಿಲ್ರಿ. 84ರ ಝಡ್51 ಸ್ಪ್ರಿಂಗ್ ಎಷ್ಟ್ ಬಿರುಸಿತ್ತಂದ್ರ, ಮಂದಿ ಬೈದ್ರು ಅಂತ ಕಂಪನಿಯವರ 85ಕ್ಕ ಮೆತ್ತಗ ಮಾಡಿದ್ರು. ನಿಮ್ಮದು 87, ಅದೂ ಮಾಮೂಲಿ ಸ್ಪ್ರಿಂಗು. ಅದನ್ನ ಮುಟ್ಟಬ್ಯಾಡ್ರಿ.

ಕೊಂಡಿಕೀಲು (ರಾಚೆಸ್ಟರ್ ಹಿಲ್ಸ್, ಮಿಶಿಗನ್)

ಮಲೆನಾಡು ಅವರೇ, ಸ್ಪ್ರಿಂಗ್‌ಗೆ ಒಂದು ಡಾಲರ್ ಖರ್ಚು ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ವೃತ್ತಿಯಲ್ಲಿ ವರ್ಷಾನುಗಟ್ಟಲೆ ಸಸ್ಪೆನ್ಷನ್ ಬುಷ್‌ಗಳ (ಕೊಂಡಿಗಳ ಕೀಲಿನಲ್ಲಿ ಕೂರುವ ಮೆತ್ತೆಗಳು) ಜೊತೆಗೇ ಇದ್ದವನು, ಮನೆಯಲ್ಲಿ 1990ರ ಸಿ4 ಇಟ್ಟುಕೊಂಡಿದ್ದೇನೆ. ನೀವು ಹೇಳಿದ ಮೂರು ಲಕ್ಷಣಗಳಲ್ಲಿ ಒಂದೂ ಸ್ಪ್ರಿಂಗ್‌ನದ್ದಲ್ಲ.

ಆ ಸ್ಪ್ರಿಂಗ್ ಕುದುರೆ ಗಾಡಿಯದ್ದೂ ಅಲ್ಲ. ಅದು ಫೈಬರ್‌ಗ್ಲಾಸ್, ಒಂದೇ ಪಟ್ಟಿ. 1981ರಲ್ಲಿ ಸಿ3ಯ ಹಿಂಭಾಗಕ್ಕೆ ಮೊದಲು ಬಂತು. 40 ಪೌಂಡಿಗಿಂತ ಹೆಚ್ಚು ತೂಗುತ್ತಿದ್ದ ಉಕ್ಕಿನ ಲೀಫುಗಳ ಕಟ್ಟಿನ ಜಾಗದಲ್ಲಿ ಸುಮಾರು 8 ಪೌಂಡಿನ ಪಟ್ಟಿ ಕೂತಿತು. ಸಿ4 ಬಂದಾಗ ಮುಂದೆಯೂ ಅದನ್ನೇ ಕೊಟ್ಟರು. ಉಕ್ಕಿನ ಸ್ಪ್ರಿಂಗ್ ಹಾಗೆ ಇದು ತುಕ್ಕು ಹಿಡಿಯುವುದಿಲ್ಲ, ಸುಲಭಕ್ಕೆ ಕುಗ್ಗುವುದೂ ಇಲ್ಲ. ಅಂಚಿನಲ್ಲಿ ಎಳೆ ಎದ್ದಿದೆಯಾ, ಸೀಳು ಬಿಟ್ಟಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಇಲ್ಲದಿದ್ದರೆ ಅದು ಇನ್ನೂ ಬಾಳುತ್ತದೆ. ಕಾರು ಎತ್ತುವಾಗ ಮಾತ್ರ ಜಾಕ್ ಅನ್ನು ಅದಕ್ಕೆ ಕೊಡಲೇಬೇಡಿ.

ಈಗ ಹಿಂದಿನ ಚಕ್ರಕ್ಕೆ ಬನ್ನಿ, ನಿಮ್ಮ ಕಾಯಿಲೆ ಇರುವುದು ಅಲ್ಲಿ. ಪ್ರತಿ ಬದಿಯಲ್ಲೂ ಚಕ್ರವನ್ನು ಐದು ಕೊಂಡಿ ಹಿಡಿದಿವೆ. ಮುಂದಕ್ಕೆ ಚಾಚಿದ ಎರಡು ಡಾಗ್‌ಬೋನ್, ಕೆಳಗೆ ಅಡ್ಡಕ್ಕೆ ಒಂದು ಕ್ಯಾಂಬರ್ ರಾಡ್, ಚಕ್ರದ ದಿಕ್ಕು ಕಾಯುವ ಟೈರಾಡ್. ಐದನೆಯದು ಹಾಫ್‌ಶಾಫ್ಟ್. ಹೌದು, ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಶಾಫ್ಟೇ ಇಲ್ಲಿ ಮೇಲಿನ ಅಡ್ಡ ಕೊಂಡಿಯ ಕೆಲಸವನ್ನೂ ಮಾಡುತ್ತದೆ. ಅದರ ತುದಿಯ ತಿರುಗು ಕೀಲು, ಅಂದರೆ ಯು-ಜಾಯಿಂಟ್, ಸವೆದರೆ ಬರೀ ಶಬ್ದವಲ್ಲ, ಚಕ್ರದ ವಾಲುವಿಕೆಯೇ (ಕ್ಯಾಂಬರ್) ಬದಲಾಗುತ್ತದೆ.

ಕಾಲೆತ್ತಿದಾಗ ಹಿಂದಿನ ಚಕ್ರ ತಾನೇ ತಿರುಗಿದ ಹಾಗಾಗುವುದು ಬಹುಪಾಲು ಟೈರಾಡ್ ಕೀಲಿನಲ್ಲಿ ಪ್ಲೇ, ಅಂದರೆ ಸಡಿಲ, ಬಂದಾಗ. ಭಾರ ಮುಂದಕ್ಕೆ ಹೋಗುತ್ತದೆ, ಚಕ್ರದ ಮೇಲಿನ ಎಳೆತ ದಿಕ್ಕು ಬದಲಿಸುತ್ತದೆ, ಆ ಸಡಿಲದಷ್ಟು ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ) ಆಚೀಚೆ ಆಗುತ್ತದೆ. ಗೇರ್ ಹಾಕಿದಾಗಿನ 'ದಡ್' ಡಾಗ್‌ಬೋನ್ ಬುಷ್ ಅಥವಾ ಯು-ಜಾಯಿಂಟ್. ರಸ್ತೆಯ ಜಾಯಿಂಟ್ ಮೇಲೆ ಹಾರುವುದಕ್ಕೆ ಶಾಕ್‌ಗಳನ್ನೂ ಟೈರುಗಳನ್ನೂ ಅನುಮಾನಿಸಿ. ಇಷ್ಟೆಲ್ಲ ಇಟ್ಟುಕೊಂಡು ಕಾಯಿಲ್‌ಓವರ್ ಹಾಕಿಸುವುದು ಕೀಲು ಸಡಿಲವಾದ ಬಾಗಿಲಿಗೆ ಹೊಸ ಬೀಗ ಜಡಿದ ಹಾಗೆ.

ನೋಡುವುದು ಹೀಗೆ. ಹಿಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಒತ್ತಿ, ಎಳೆಯಿರಿ. ಮನೆಯಲ್ಲಿ ಯಾರಾದರೂ ಇದ್ದರೆ ಅವರ ಬೆರಳನ್ನು ಟೈರಾಡ್ ಕೀಲಿನ ಮೇಲೆ ಇಡಿಸಿ, ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಸಡಿಲ ಕಂಡರೆ ಹಬ್ ಬೇರಿಂಗ್, ಯು-ಜಾಯಿಂಟ್, ಇಲ್ಲವೇ ಕ್ಯಾಂಬರ್ ರಾಡ್ ಬುಷ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ, ಅದನ್ನೂ ಓದಿ. 3109 ಅಂದರೆ 2009ರ 31ನೇ ವಾರ.

ಮಲೆನಾಡು87

ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಶನಿವಾರ ಕಾರು ಎತ್ತಿ ನೋಡಿದೆ, ಕೀಲಿನ ಮೇಲೆ ಬೆರಳಿಟ್ಟವಳು ಮಗಳು. ಎಡಗಡೆ ಟೈರಾಡ್ ಹೊರ ಕೀಲು ಕಟಕಟ ಅನ್ನುತ್ತಿದೆ, ರಬ್ಬರ್ ಬೂಟ್ ಹರಿದು ಗ್ರೀಸ್ ಎಲ್ಲ ಒಣಗಿಹೋಗಿದೆ. ಬಲಗಡೆಯೂ ಸ್ವಲ್ಪ ಇದೆ. 12-6ರಲ್ಲಿ ಎರಡೂ ಗಟ್ಟಿ. ಡಾಗ್‌ಬೋನ್ ಬುಷ್‌ಗಳಲ್ಲಿ ಬಿರುಕು ಕಾಣುತ್ತಿದೆ. ಟೈರ್ 2011ರದ್ದು, ಗ್ರಿಪ್ ಮಾತ್ರ ಹೊಸದರ ಹಾಗಿದೆ. ಬುಷ್ ಪಾಲಿಯುರೆಥೇನ್ ಹಾಕಲೋ ರಬ್ಬರ್ ಹಾಕಲೋ?

ಧಾರವಾಡದಾಂವ

ಟೈರ್ ಮೊದಲ ಒಗೀರಿ. ಮ್ಯಾಲಿನ ಗ್ರಿಪ್ ನೋಡಿ ಮೋಸ ಹೋಗಬ್ಯಾಡ್ರಿ, ಒಳಗ ರಬ್ಬರ್ ಕಟಗಿ ಆಗಿರ್ತದ. ನಮ್ಮ ಫೀನಿಕ್ಸ್ ಬಿಸಲಾಗ ಇಂಥಾವು ಫ್ರೀವೇ ಮ್ಯಾಲ ಸಿಪ್ಪಿ ಸುಲದು ಬಿದ್ದದ್ದು ನೋಡೀನಿ.

ಕೊಂಡಿಕೀಲು

ಧಾರವಾಡದವರ ಮಾತು ಖರೆ. ಟೈರ್ ಮೊದಲು, ಅದರ ಜೊತೆಗೆ ಎರಡೂ ಕಡೆ ಟೈರಾಡ್. ಆಮೇಲೆ ನಾಲ್ಕೂ ಶಾಕ್. ನಾನು ಬಿಲ್‌ಸ್ಟೀನ್ ಕಂಪನಿಯದು ಹಾಕಿದ್ದೇನೆ. ಒಳಗೆ ಒತ್ತಡದ ಗ್ಯಾಸ್ ಇರುವ ಮಾನೋಟ್ಯೂಬ್ (ಒಂಟಿ ಕೊಳವೆಯದು), ಗುಂಡಿ ದಾಟಿದ ಮೇಲೆ ಕಾರು ಒಂದೇ ಸಲಕ್ಕೆ ನಿಲ್ಲುತ್ತದೆ. ಮಾಮೂಲಿ ಸ್ಪ್ರಿಂಗ್‌ಗೆ ಹೊಂದುವ ಮೆತ್ತನೆಯದನ್ನೇ ಕೇಳಿ ತಗೊಳ್ಳಿ, ನಿಮ್ಮ ತಂದೆಯವರ ಸೊಂಟ ನಿಮ್ಮನ್ನು ಹರಸುತ್ತದೆ.

ಬುಷ್ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ನಿಮ್ಮ ಬಳಕೆಗೆ ಡಾಗ್‌ಬೋನ್‌ಗೆ ರಬ್ಬರ್ರೇ ಸರಿ. ಚಕ್ರ ಮೇಲೆ ಕೆಳಗೆ ಹೋಗುವಾಗ ಆ ಲಿಂಕ್‌ಗಳು ಬರೀ ಬಾಗಿಲಿನ ಹಾಗೆ ತಿರುಗುವುದಿಲ್ಲ, ಸ್ವಲ್ಪ ತಿರುಚಿಕೊಳ್ಳುತ್ತವೆ. ರಬ್ಬರ್ ಆ ತಿರುಚನ್ನು ಬಿಟ್ಟುಕೊಡುತ್ತದೆ, ಪಾಲಿ ತಡೆಯುತ್ತದೆ. ಗ್ರೀಸ್ ಒಣಗಿದರೆ ಪಾಲಿ ಕಿರುಗುಡುತ್ತದೆ ಬೇರೆ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್ ಬುಷ್‌ಗೆ ಬೇಕಾದರೆ ಪಾಲಿ ಹಾಕಿ, ಅಲ್ಲಿ ಪ್ರಯೋಜನವಿದೆ.

ರಬ್ಬರ್ ಬುಷ್ ಹಾಕುವಾಗ ಒಂದು ಎಚ್ಚರಿಕೆ, ವೃತ್ತಿಯಲ್ಲಿ ನಾನು ಅತಿ ಹೆಚ್ಚು ಕಂಡ ಹಾಳು ಇದೇ. ಚಕ್ರ ಜೋತುಬಿದ್ದಿರುವಾಗ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಒಳಗಿನ ಉಕ್ಕಿನ ಕೊಳವೆಗೆ ರಬ್ಬರ್ ಅಂಟಿಕೊಂಡಿರುತ್ತದೆ. ಜೋತುಬಿದ್ದಾಗ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ನಿಂತಿರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಕೈಬಿಗಿ ಇಟ್ಟು, ಚಕ್ರದ ಕೆಳಗೆ ರ‍್ಯಾಂಪ್ ಕೊಟ್ಟು, ಕಾರು ತನ್ನ ಭಾರದಲ್ಲಿ ನಿಂತ ಮೇಲೆ ಕೊನೆಯ ಬಿಗಿ ಕೊಡಿ.

ಮುಂದುಗಡೆ ಮೇಲಿನ ಆರ್ಮ್ ಬಿಚ್ಚುವ ಪ್ರಸಂಗ ಬಂದರೆ ಅಲ್ಲಿ ತೆಳ್ಳನೆ ಶಿಮ್‌ಗಳು ಸಿಗುತ್ತವೆ. ಕ್ಯಾಂಬರ್, ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿದ ಕೋನ) ಎರಡನ್ನೂ ಹೊಂದಿಸುವುದು ಅವುಗಳಿಂದಲೇ. ಪ್ರತಿ ಬೋಲ್ಟಿನ ಶಿಮ್‌ಗಳನ್ನು ಬೇರೆ ಬೇರೆ ತಂತಿಯಲ್ಲಿ ಪೋಣಿಸಿ, ಟೇಪ್ ಅಂಟಿಸಿ ಜಾಗ ಬರೆದಿಡಿ.

ಮಲೆನಾಡು87

ರಬ್ಬರ್‌ಗೇ ಆರ್ಡರ್ ಮಾಡುತ್ತೇನೆ ಸರ್. ಅಲೈನ್‌ಮೆಂಟ್‌ಗೆ ಏನು ಹೇಳಲಿ? ಛಾವಣಿ ತೆಗೆದಾಗ ಕಾರು ಇನ್ನಷ್ಟು ನಡುಗುತ್ತದೆ, ಅದಕ್ಕೂ ಏನಾದರೂ ಇದೆಯೇ?

ಕೊಂಡಿಕೀಲು

ಛಾವಣಿ ಈ ಕಾರಿನ ಬಿಗಿತದ ಒಂದು ಭಾಗ, ಅದಕ್ಕೇ ಅದನ್ನು ನಾಲ್ಕು ಬೋಲ್ಟ್ ಹಾಕಿ ಕೂರಿಸಿದ್ದಾರೆ. ತೆಗೆದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಅದು ಶಾಕ್ ಬದಲಿಸಿದರೆ ಹೋಗುವಂಥದ್ದಲ್ಲ. ಗುಂಡಿ ಬಿದ್ದ ರಸ್ತೆಗಳಿಗೆ ಹಾಕಿಕೊಂಡೇ ಹೋಗಿ, ವುಡ್‌ವರ್ಡ್ ಮೇಲೆ ತೆಗೆಯಿರಿ, ಅಲ್ಲಿ ಹೇಗೂ ನಡೆಯುವ ವೇಗ.

ಅಲೈನ್‌ಮೆಂಟ್‌ಗೂ ಛಾವಣಿ ಹಾಕಿಕೊಂಡೇ ಹೋಗಿ. ನಾಲ್ಕೂ ಚಕ್ರ ಮಾಡುವವರೇ ಆಗಬೇಕು, ಮುಂದಿನದು ಮಾತ್ರ ಮಾಡಿಸಿದರೆ ಅರ್ಧ ಕೆಲಸ. ನಾನಾದರೆ ನಾಲ್ಕಕ್ಕೂ ಕ್ಯಾಂಬರ್ ಮೈನಸ್ ಅರ್ಧ ಡಿಗ್ರಿ, ಕ್ಯಾಸ್ಟರ್ 5 ಡಿಗ್ರಿ ಆಸುಪಾಸು, ಎಡಬಲ ಸಮ. ಹಿಂದಿನ ಟೋ ಮಾತ್ರ ನೀವೇ ಮುದ್ರಿತ ಹಾಳೆಯಲ್ಲಿ ನೋಡಿ. ಎರಡೂ ಬದಿ ಸಮವಾಗಿ, ತುಸು ಒಳಮುಖವಾಗಿ ಇರಬೇಕು. ಒಂದು ಬದಿ ಹೊರಮುಖ ಕಂಡರೂ ಕಾರನ್ನು ರ‍್ಯಾಕ್‌ನಿಂದ ಇಳಿಸಲು ಬಿಡಬೇಡಿ.