ಚಿಕ್ಕಮ್ಮನ ಮಂಡಿ ವಿಷಯ: ಮೊದಲು ಆಂಕಲ್ (ಪಾದದ ಕೀಲು) ನೋಡಿ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ನೋಡ್ದೆ. ಲಾಲ್‌ಬಾಗಲ್ಲಿ ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡಿದ್ರೂ ನೆಲದ ಮೇಲೆ ಕೂತು ಏಳೋಕೆ ಮಂಡಿ ಹಿಡ್ಕೊಳತ್ತೆ, ಭಾವ ಗ್ರೂಪಲ್ಲಿ ಹಾಕಿರೋ ಜಾಯಿಂಟ್ ಮೊಬಿಲಿಟಿ, ಅಂದ್ರೆ ಕೀಲು ಸಲೀಸಾಗಿ ಆಡೋ ಹಾಗೆ ಮಾಡೋ ವ್ಯಾಯಾಮದ ವಿಡಿಯೋ ನೋಡಿ ಮಾಡ್ಲಾ ಅಂತ ಕೇಳಿದೀರಿ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡ್ತಾ ಇದೀನಿ. ಮಾಡಿ, ಖಂಡಿತ ಮಾಡಿ. ಆದ್ರೆ ಆ ವಿಡಿಯೋದಲ್ಲಿರೋ ಥರ ಬೇಡ.

ನಡೆಯೋವಾಗ ಮಂಡಿ ಮಡಚೋದು ಸುಮಾರು 60 ಡಿಗ್ರಿ ಅಷ್ಟೇ. ಕುಕ್ಕರಗಾಲಲ್ಲಿ ಕೂರೋಕೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಎಷ್ಟು ರೌಂಡ್ ಹೊಡೆದ್ರೂ ಕೀಲು ಓಡಾಡೋದು ಅದೇ ಸಣ್ಣ ಜಾಗದಲ್ಲಿ, ಉಳಿದಿದ್ದು ಬಳಸ್ದೇ ಬಿಗಿಯಾಗ್ತಾ ಹೋಗತ್ತೆ. ಇನ್ನೊಂದು ವಿಷಯ, ಕೀಲೊಳಗಿನ ಮೃದ್ವಸ್ಥಿಗೆ, ಅಂದ್ರೆ ಮೂಳೆ ತುದಿ ಮೇಲಿರೋ ನುಣುಪಾದ ಪದರಕ್ಕೆ, ರಕ್ತನಾಳ ಇಲ್ಲ. ಸ್ಪಂಜು ಅದುಮಿ ಬಿಟ್ಟ ಹಾಗೆ, ಭಾರ ಬಿದ್ದು ಬಿಟ್ಟಾಗ್ಲೇ ಸುತ್ತಲಿನ ದ್ರವ ಅದರೊಳಗೆ ಓಡಾಡೋದು. ಸವೆದಿದ್ದು ಮತ್ತೆ ಬೆಳೆಯತ್ತೆ ಅಂತ ಮಾತ್ರ ಅಂದ್ಕೋಬೇಡಿ, ಅದು ಸುಳ್ಳು.

ಮಂಡಿ ಪಾಪ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿರೋದು. ಕೆಳಗೆ ಆಂಕಲ್ ಬಿಗಿ, ಮೇಲೆ ಹಿಪ್ (ತೊಡೆ ಸೊಂಟಕ್ಕೆ ಸೇರೋ ಕೀಲು) ಬಿಗಿ ಇದ್ರೆ ಎರಡರ ಕೆಲಸಾನೂ ಅದರ ತಲೆಗೆ. ಆಂಕಲ್ ಮನೇಲೇ ನೋಡ್ಕೋಬಹುದು. ಬರಿಗಾಲಲ್ಲಿ ಗೋಡೆ ಕಡೆ ಮುಖ ಮಾಡಿ ನಿಲ್ಲಿ. ಒಂದು ಪಾದದ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇರ್ಲಿ, ಮಕ್ಕಳ ಸ್ಕೇಲ್ ಇಟ್ಟು ಅಳೀರಿ. ಹಿಮ್ಮಡಿ ನೆಲ ಬಿಡ್ದೇ ಮಂಡಿ ಗೋಡೆಗೆ ಮುಟ್ಟಬೇಕು. ಮುಟ್ಟಲಿಲ್ವಾ, ಪಾದ ಮುಂದೆ ತಂದು ಎಷ್ಟಕ್ಕೆ ಮುಟ್ಟತ್ತೋ ಬರ್ಕೊಳ್ಳಿ. ಅದೇ ಪರೀಕ್ಷೆ, ಅದೇ ವ್ಯಾಯಾಮ: ಒಂದೊಂದು ಕಾಲಿಗೆ 10 ಸಲ, ನಿಧಾನ. ಇಲ್ಲಿ ಎಲ್ರೂ ಒಂದು ಕಳ್ಳಾಟ ಆಡ್ತಾರೆ, ಪಾದದ ಕಮಾನು ಕುಸಿದು ಮಂಡಿ ಒಳಗಡೆ ವಾಲತ್ತೆ, ಗೋಡೆ ಮುಟ್ಟಿದ ಹಾಗೆ ಕಾಣತ್ತೆ. ಮಂಡಿ ಎರಡನೇ ಬೆರಳಿನ ನೇರಕ್ಕೇ ಹೋಗ್ಬೇಕು. ಹಿಂದೆ ಮೀನಖಂಡದಲ್ಲಿ ಎಳೆದ್ರೆ ಸರಿ. ಆಂಕಲ್ ಮುಂಭಾಗದಲ್ಲಿ ಚುಚ್ಚಿದ್ರೆ ಒತ್ತಬೇಡಿ, ಅಷ್ಟಕ್ಕೇ ನಿಲ್ಸಿ.

ಹಿಪ್‌ಗೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ನಿಲ್ಲಿ. ಒಂದು ಮಂಡೀನ ಸೊಂಟದ ಎತ್ತರಕ್ಕೆ ಎತ್ತಿ, ಪಕ್ಕಕ್ಕೆ ತೆಗೀರಿ, ಮಂಡಿ ಅಲ್ಲೇ ಇರೋ ಹಾಗೆ ಪಾದಾನ ಮಾತ್ರ ಹಿಂದಕ್ಕೆ ಮೇಲೆತ್ತಿ, ಆಮೇಲೆ ತೊಡೆ ಹಿಂದೆ ಒಯ್ದು ಇಳಿಸಿ. ಒಂದು ಸುತ್ತಿಗೆ 10 ಸೆಕೆಂಡಾದ್ರೂ ಹಿಡೀಬೇಕು. ಒಂದು ದಿಕ್ಕಲ್ಲಿ 3, ಉಲ್ಟಾ 3. ಬೀಸಿ ತಿರುಗಿಸಿದ್ರೆ ಪ್ರಯೋಜನ ಇಲ್ಲ, ಕಾಲಿನ ತೂಕಾನೇ ಅದನ್ನ ಒಯ್ಯತ್ತೆ. ನಿಮ್ಮ ಸ್ನಾಯು ಹಿಡಿದು ಒಯ್ದ ಜಾಗ ಮಾತ್ರ ನಿಮ್ಮದು. ಮೈ ವಾಲ್ತಾ ಇದೆ, ಸೊಂಟ ತಿರುಗ್ತಾ ಇದೆ ಅಂದ್ರೆ ಹಿಪ್ ಬದಲು ಬೆನ್ನು ಕೆಲಸ ಮಾಡ್ತಾ ಇದೆ ಅಂತ. ಸುತ್ತು ಚಿಕ್ಕದು ಮಾಡಿ.

ಭಾವ, ನೀವು ಕಳ್ಸಿದ ವಿಡಿಯೋದಲ್ಲಿ ಎರಡೂ ಮಂಡಿ ಜೋಡಿಸಿ ಗುಂಡಗೆ ತಿರುಗಿಸ್ತಾರಲ್ಲ, ಅದನ್ನ ಬಿಟ್ಬಿಡಿ. ಮಂಡಿ ಬಾಗಿಲಿನ ಹಿಂಜ್ ಥರ, ಮಡಚೋದು ಬಿಚ್ಚೋದೇ ಅದರ ಕೆಲಸ, ತಿರುಗೋದು ತೀರಾ ಕಮ್ಮಿ. ಮೊದಲೇ ಸವೆದ ಮಂಡೀನ ಮೈಭಾರ ಹಾಕಿ ತಿರುಚಿದ್ರೆ ಕೆರಳತ್ತೆ. ಕುರ್ಚೀಲಿ ಕೂತು ಕಾಲು ಪೂರ್ತಿ ನೀಡಿ 5 ಸೆಕೆಂಡ್ ಹಿಡಿದು ಇಳಿಸಿ, 10 ಸಲ. ಸಾಕು. ಕುತ್ತಿಗೇನೂ ಪೂರ್ತಿ ಸುತ್ತಬೇಡಿ, ಗದ್ದ ಒಂದು ಭುಜದಿಂದ ಎದೆ ಮೇಲಾಗಿ ಇನ್ನೊಂದು ಭುಜಕ್ಕೆ ಬಂದ್ರೆ ಆಯ್ತು.

ಸ್ಕೂಟರ್ ಓಡಿಸೋರಿಗೆ ಒಂದೇ ಒಂದು: ಕುರ್ಚೀಲಿ ಕೂತು ಕೈ ಎದೆ ಮೇಲೆ ಕಟ್ಟಿ, ಮಂಡಿ ಎರಡೂ ಅಲ್ಲಾಡ್ದೇ ಎದೆಭಾಗ ಎಡಕ್ಕೆ ಬಲಕ್ಕೆ 6-6 ಸಲ ತಿರುಗಿಸಿ. ಸಿಗ್ನಲ್‌ನಲ್ಲಿ ಹಿಂದೆ ನೋಡೋಕೆ ಕುತ್ತಿಗೆ ಒಂದೇ ಸಾಯೋದು ತಪ್ಪತ್ತೆ.

ಹೊತ್ತು ಯಾವ್ದಾದ್ರೂ ಸರಿ, ಎಲ್ಲಾ ಸೇರಿ 10 ನಿಮಿಷ. ಆದ್ರೆ ಎದ್ದ ತಕ್ಷಣ ಬಗ್ಗಿ ನೆಲ ಮುಟ್ಟೋದು ಬೇಡ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು (ಬೆನ್ನುಮೂಳೆಗಳ ಮಧ್ಯದ ಮೆತ್ತೆಗಳು) ನೀರು ಹೀರಿ ಉಬ್ಬಿರತ್ತೆ, ಒಂದು ಗಂಟೆ ಓಡಾಡಿ ಆಮೇಲೆ ಬಗ್ಗಿ. ನೋವು ಹತ್ತಕ್ಕೆ ಮೂರರೊಳಗೆ ಇರ್ಬೇಕು, ಮಾರನೇ ದಿನಕ್ಕೆ ಇಳಿದಿರಬೇಕು. ಲಟಲಟ ಅಂದ್ರೆ ಹೆದರ್ಕೋಬೇಡಿ, ನೋವು ಊತ ಇಲ್ದೇ ಬರೀ ಸದ್ದಿದ್ರೆ ತೊಂದ್ರೆ ಏನಿಲ್ಲ.

ಇಷ್ಟು ಮಾಡಿ ಸುಮ್ನೆ ಸೋಫಾ ಮೇಲೇ ಕೂತ್ರೆ ಎಲ್ಲಾ ವೇಸ್ಟ್. ಬಿಚ್ಚಿಕೊಂಡ ಕೀಲಿಗೆ ಬಲ ಬರ್ಬೇಕು. ಮೊದಲು ಕುರ್ಚಿಯಿಂದ ಕೈ ಊರ್ದೇ ಎದ್ದು ಕೂತು 8 ಸಲ. ಸಲೀಸಾದ ಮೇಲೆ ಕುಳ್ಳ ಸ್ಟೂಲ್, ಆಮೇಲೆ ಎರಡು ಮಣೆ ಒಂದರ ಮೇಲೊಂದು, ಕೊನೆಗೆ ಒಂದೇ ಮಣೆ. ತಿಂಗಳುಗಟ್ಟಲೆ ಆದ್ರೂ ಆಗ್ಲಿ. ಮಣೆಯಿಂದ ಏಳೋವಾಗ ಪಕ್ಕದಲ್ಲಿ ಗಟ್ಟಿ ಕುರ್ಚಿ ಇರ್ಲಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರತ್ತೆ.

ಮಂಡಿ ಬಿಸಿಯಾಗಿ ಊದಿದ್ರೆ, ಇಲ್ಲಾ ಮಡಚಿದ್ದು ಬಿಚ್ಚೋಕೇ ಆಗ್ದೇ ಸಿಕ್ಕಿಕೊಂಡ್ರೆ, ಯಾವ್ದೂ ಮಾಡ್ದೇ ಡಾಕ್ಟರಿಗೆ ತೋರ್ಸಿ. ದೊಡ್ಡಪ್ಪಂಗೆ ಹಿಪ್ ಬದಲಾಯ್ಸಿದಾರೆ, ಅವ್ರು ಸರ್ಜನ್ ಕೇಳದೇ ಈ ಕಾಲು ಸುತ್ತೋದು, ಚಕ್ಕಳಮಕ್ಕಳ ಹಾಕಿ ಕೂರೋದು ಯಾವ್ದೂ ಬೇಡ. ಶುಗರ್ ಇರೋರಿಗೆ ಭುಜ ಹಿಡ್ಕೊಳೋದು ಜಾಸ್ತಿ, ಹಾಗೆ ಕೈ ಮೇಲೆತ್ತೋಕೇ ಆಗ್ತಿಲ್ಲ ಅಂದ್ರೆ ಗೋಡೆಗೆ ಒತ್ತಿ ಜಬರ್ದಸ್ತಿ ಮಾಡ್ಬೇಡಿ, ಫಿಸಿಯೋ ಹತ್ರ ಹೋಗಿ.

ಚಿಕ್ಕಮ್ಮಾ, ಇವತ್ತು ಗೋಡೆ ಮುಂದೆ ನಿಂತು ಎರಡೂ ಕಾಲಿಗೆ ಎಷ್ಟೆಷ್ಟು ಸೆಂ.ಮೀ. ಬಂತು ಅಂತ ಇಲ್ಲೇ ಹಾಕಿ. ಎರಡರ ಮಧ್ಯೆ ವ್ಯತ್ಯಾಸ ಇದ್ರೆ ಕಮ್ಮಿ ಇರೋ ಕಾಲಿಗೆ ಒಂದು ಸುತ್ತು ಜಾಸ್ತಿ ಮಾಡೋಣ.