ಅಪ್‌ಡೇಟ್: ಅಮ್ಮನ ಎದೆಯುರಿಗೆ ಕಾರಣ ಸಿಕ್ಕಿತು

ಅಮ್ಮನ ಎದೆಯುರಿ, ಹುಳಿತೇಗು ಮಾತ್ರೆಗೂ ಬಗ್ಗುತ್ತಿಲ್ಲ, ಎಂಡೋಸ್ಕೋಪಿ ಬೇಕೇ ಎಂದು ಕೇಳಿದ್ದೆ. ಮಾಡಿಸಿಯೇಬಿಡಿ ಎಂದವರಿಗೆಲ್ಲ ಕೃತಜ್ಞತೆಗಳು. ಹುಣ್ಣಿಲ್ಲ, ಜಠರದ ಒಳಪೊರೆಯಲ್ಲಿ ಉರಿಯೂತವಿತ್ತು, ಅದರ ಚೂರು ತೆಗೆದು ಪರೀಕ್ಷಿಸಿದಾಗ (ಬಯಾಪ್ಸಿ) ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಎಲ್ಲದಕ್ಕೂ ಮೆಣಸಿನಕಾಯಿಯನ್ನೇ ಬೈಯುತ್ತಿದ್ದ ದೊಡ್ಡಮ್ಮ ಸದ್ಯ ಸುಮ್ಮನಾಗಿದ್ದಾರೆ.

14 ದಿನಗಳ ಔಷಧಿ ಕೊಟ್ಟರು: ಎರಡು ಬಗೆಯ ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಆ ಆ್ಯಂಟಿಬಯಾಟಿಕ್‌ಗಳಲ್ಲಿ ಒಂದಾದ ಕ್ಲಾರಿಥ್ರೋಮೈಸಿನ್ ಶುರುವಾದ ಮೇಲೆ ಬಾಯೆಲ್ಲ ಕಹಿ. ಅಮ್ಮ ಬೆಳಗಿನ ಕಾಫಿಯನ್ನೇ ಅರ್ಧ ಲೋಟ ಬಿಟ್ಟು ಎದ್ದರೆಂದರೆ ಊಹಿಸಿಕೊಳ್ಳಿ! ಆದರೂ ಒಂದು ಹೊತ್ತೂ ತಪ್ಪಿಸಲಿಲ್ಲ. ನಡುವೆ ಬಿಟ್ಟರೆ ಅದೇ ಔಷಧಿ ಮತ್ತೆ ನಾಟದೇ ಹೋಗಬಹುದು ಎಂದು ವೈದ್ಯರು ಮೊದಲೇ ಹೆದರಿಸಿದ್ದರು. ಈಗ ರಾತ್ರಿ ನಿದ್ದೆ ಬರುತ್ತಿದೆ.

ಪೂರ್ತಿ ಗುಣವಾಗಿದೆ ಎನ್ನಲು ಉಸಿರಿನ ಪರೀಕ್ಷೆ ಬಾಕಿಯಿದೆ. ಅದಕ್ಕೆ ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ, ಆಮ್ಲದ ಮಾತ್ರೆ ನಿಲ್ಲಿಸಿ 2 ವಾರ ಆಗಿರಬೇಕಂತೆ.