ಹಣೆಯ ಕೆಂಪು ಮಚ್ಚೆ ತಾನಾಗಿ ಮಾಯವಾಗುವುದೇ?

ಪ್ರಶ್ನೆ: ಮೂರು ತಿಂಗಳ ನಮ್ಮ ಮಗಳಿಗೆ ಬಲಗಣ್ಣಿನ ರೆಪ್ಪೆಯಿಂದ ಹಣೆಯವರೆಗೆ ಹುಟ್ಟಿದಾಗಿನಿಂದಲೂ ಚಪ್ಪಟೆಯಾದ ಕೆಂಪು ಮಚ್ಚೆಯಿದ್ದು, ಅವಳು ಅತ್ತಾಗ ಅದರ ಬಣ್ಣ ಗಾಢವಾಗುತ್ತದೆ. ವರ್ಷ ತುಂಬಿದರೆ ಹೋಗುತ್ತದೆ ಎನ್ನುತ್ತಾರೆ ಅತ್ತೆಯವರು. ಕಾಯಬಹುದೇ?

ಉತ್ತರ 1: ಅತ್ತೆಯವರು ಕಂಡಿರುವುದು ಬಹುಶಃ ಹೆಮಾಂಜಿಯೋಮಾ, ಅದು ಸಾಮಾನ್ಯವಾಗಿ ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಬೇಗನೆ ಉಬ್ಬಿ, ಬಳಿಕ ವರ್ಷಗಳಲ್ಲಿ ಕುಗ್ಗುವ ರಕ್ತನಾಳಗಳ ಗೆಡ್ಡೆ. ನೀವು ವರ್ಣಿಸಿದ್ದು ಪೋರ್ಟ್‌ವೈನ್ ಮಚ್ಚೆಯಂತಿದೆ. ಅದು ಲೋಮನಾಳಗಳ (ಅತಿ ಸೂಕ್ಷ್ಮ ರಕ್ತನಾಳಗಳ) ರಚನಾದೋಷವಾದ್ದರಿಂದ ಮಗುವಿನೊಂದಿಗೇ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ. 1982ರಲ್ಲಿ ಸಂಶೋಧಕರಾದ ಮಲ್ಲಿಕನ್ ಮತ್ತು ಗ್ಲೊವಾಕಿ ಗೆಡ್ಡೆ ಮತ್ತು ರಚನಾದೋಷ ಎಂಬ ಈ ಎರಡು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ಹೆಸರುಗಳ ಗೊಂದಲ ಮಾತ್ರ ಇನ್ನೂ ತೀರಿಲ್ಲ.

ಉತ್ತರ 2: ಹಣೆ ಮತ್ತು ರೆಪ್ಪೆಯ ಮೇಲಿರುವುದರಿಂದ ಕಾಯಬೇಡಿ. ಇಂಥ ಮಚ್ಚೆಯ ಜೊತೆಗೆ ಕಣ್ಣು ಮತ್ತು ಮೆದುಳಿನ ರಕ್ತನಾಳಗಳಲ್ಲೂ ದೋಷವಿರುವ ಸ್ಟರ್ಜ್-ವೆಬರ್ ಸಿಂಡ್ರೋಮ್‌ನ ಸಾಧ್ಯತೆಯಿರುವುದರಿಂದ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರಕ್ಕೆ ಹಾನಿಯಾಗುವ ರೋಗ) ಇದೆಯೇ ಎಂದು ತಿಳಿಯಲು ಕಣ್ಣಿನ ಒತ್ತಡವನ್ನು ಈಗಲೇ ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ಮೆದುಳಿನ ಎಂಆರ್‌ಐ ಸ್ಕ್ಯಾನ್ ಬೇಕೇ ಎಂಬುದನ್ನು ಮಕ್ಕಳ ನರರೋಗ ತಜ್ಞರು ನಿರ್ಧರಿಸುತ್ತಾರೆ. ಫಿಟ್ಸ್ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.